ಮಾವ ಕೂಗಿದ ಕಳಾವರ್

ಈಗಲೂ ಮಗಳಿಗೆ ಪೌಡರ್ ಹಚ್ಚುವಾಗ ಹಡಗಲಿಯ ಮಾವನ ಇಸ್ಪೀಟೆಲೆಗಳ ವಾಸನೆಯೇ ಬರುತ್ತದೆ. ಎಲೆಗಳು ಜಾರಲೆಂದು ಅವನು ಪೌಡರ್ ಉದುರಿಸುತ್ತಿದ್ದ. ನಾನು ಶಾಲೆ ಬಿಟ್ಟು ಗ್ಯಾರೇಜು ಸೇರಿದ ವರ್ಷ ಅದು. ನನಗೆ ಲೆಕ್ಕ ಬಂದದ್ದೇ ಅವನು ಕಲಿಸಿದ ಬ್ರಿಜ್ ಆಟದಲ್ಲಿ. ಆ ಮಧ್ಯಾಹ್ನ ಗೆದ್ದರೆ ಮರುದಿನ ಹರಪನಹಳ್ಳಿಯ ಪಂದ್ಯಕ್ಕೆ ನಾನೇ ಅವನ ಜೋಡಿ ಎಂದು ಮಾತಾಗಿತ್ತು.

ಎಷ್ಟು ಪಟ್ಟು, ಅಂದರೆ ಸುತ್ತು, ಗೆಲ್ಲುತ್ತೇವೆಂದು ಪಣ ಕೂಗುವಾಗ ನಾನು ಕೆಂಪು ಹೃದಯದ ಆಟಿನ್ ಕೂಗಿದೆ. ಎದುರಾಳಿ ಕಂಪೌಂಡರ್ ಕಪ್ಪು ಹೂವಿನ ಕಳಾವರ್ ಕೂಗಿದರು. ನನ್ನ ಜೋಡಿಯಾಗಿ ಕೂತಿದ್ದ ಮಾವ ಅವರ ಕಳಾವರನ್ನೇ ಏರಿಸಿ ಕೂಗಿದ. ಹಾಗೆ ಕೂಗಿದರೆ ಆ ಬಣ್ಣದ ಎಕ್ಕ ತನ್ನ ಕೈಯಲ್ಲಿದೆ ಎಂದರ್ಥ. ಅದನ್ನು ಕಲಿಸಿದವನೂ ಅವನೇ. ಕಂಪೌಂಡರ್ ಕಳಾವರನ್ನು ಐದಕ್ಕೆ ಏರಿಸಿದರು.

ಆರು ಕೂಗಿದರೆ ಹದಿಮೂರು ಪಟ್ಟಿನಲ್ಲಿ ಒಂದನ್ನಷ್ಟೇ ಬಿಡಬಹುದು. ಮಾವನ ಮುಖ ನೋಡಿದೆ.

"ಆರು ಆಟಿನ್," ಎಂದೆ.

ಮಾವ ತನ್ನ ಎಲೆಗಳನ್ನು ಚಾಪೆಯ ಮೇಲೆ ಹಾಸಿದ. ಕಳಾವರಿನಲ್ಲಿ ಮೂರು ಸಣ್ಣ ಎಲೆಗಳಿದ್ದವು, ಎಕ್ಕ ಇರಲಿಲ್ಲ. ಕಂಪೌಂಡರ್ ಎಕ್ಕ, ರಾಜ ಎರಡನ್ನೂ ಇಳಿಸಿ ಎರಡು ಪಟ್ಟುಗಳನ್ನು ಎತ್ತಿಕೊಂಡರು; ನಾವು ಸೋತೆವು.

"ಕಳಾವರ್ ನೀನ ಕೂಗಿದೆಲ್ಲ ಮಾವ."

"ನಿನಗ ಆಸಿ ಜಾಸ್ತಿ ಆತು. ಇನ್ನೂ ಕಾಯಿ ಅದಿ ಲೇ," ಎಂದ ಮಾವ. "ನಾಳೆ ಹರಪನಹಳ್ಳಿಗೆ ಇವ್ರ ಬರ್ಲಿ ಬಿಡು."

"ಹುಡುಗ ಚಲೋ ಆಡ್ತಾನ್ರಿ," ಎಂದರು ಕಂಪೌಂಡರ್, ನನ್ನ ಕಡೆ ನೋಡದೆ.

ಇಸ್ತ್ರಿ ಅಂಗಿ ತುಂಬಿದ ಅವರ ಪ್ರಯಾಣದ ಚೀಲ ಬೆಳಗಿನಿಂದಲೇ ಮಾವನ ಪಡಸಾಲೆಯ ಗೂಟದಲ್ಲಿ ತೂಗುತ್ತಿತ್ತು.