ಪೆಡಲಿನ ಕೆಳಗೊಂದು ಮರದ ತುಂಡು

ಇಂಜಿನ್ನಿನ ಅಲುಗಾಟಕ್ಕೆ ಸ್ಕ್ರೂ ಸಡಿಲಗೊಂಡು ಕಾರಿನ ಬಲಗಡೆಯ ಕನ್ನಡಿ ಕಳಚಿ ಚೌಡೇಶನ ಕೈಗೇ ಬಂತು. "ನೋಡಿ ಮಾರಾಯ್ರೆ, ನಿನ್ನೆ ಸಂಜೆ ಟೈಟ್ ಮಾಡಿದ್ದು. ಗಾಡಿ ಇನ್ನೂ ನಿಂತಲ್ಲೇ ನಿಂತದೆ, ಆಗ್ಲೇ ಹಿಂಗೆ. ಓಡೋಕೆ ಶುರುವಾದ್ರೆ ಏನೇನು ಕಳಚ್ಕಂತದೋ," ಎಂದು ಸೊರಬದ ಆ ವೆಲ್ಡರ್ ನಕ್ಕ. ಪಕ್ಕದಲ್ಲಿದ್ದ ಗುರುಮಲ್ಲಪ್ಪನವರಿಗೆ ನಗು ಬರಲಿಲ್ಲ.

ಕಾರಿನೊಳಗೆ ಅವರ ಮಗಳು ಬಿಂದುಶ್ರೀ ಹೆಲ್ಮೆಟ್ ಹಾಕಿಕೊಂಡು, ಎದೆಗೆ ಅಡ್ಡಡ್ಡ ಬೆಲ್ಟು ಬಿಗಿದುಕೊಂಡು ಕೂತಿದ್ದಳು. ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಅವಳು. ಗುಜರಿಗೆ ಹೋಗಲಿದ್ದ ಹಳೆಯ ಎಸ್ಟೀಮ್ ಕಾರನ್ನು ಉಡುತಡಿಯ ಮನೆಗೆ ಎಳೆದು ತಂದಿದ್ದಳು. ಅಪ್ಪ ಮಗಳು ಸೇರಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಎಂಟು ತಿಂಗಳು ಅದರ ಹಿಂದಿನ ಸೀಟು, ಬಾಗಿಲಿನ ಗಾಜು, ನೆಲದ ಹಾಸು ಎಲ್ಲ ಕಿತ್ತು ಹಗುರ ಮಾಡಿ, ಇಂಜಿನ್ ಬಿಚ್ಚಿ ಕಟ್ಟಿ, ಗಾಡಿ ಮಗುಚಿದರೂ ಜೀವ ಉಳಿಯಲೆಂದು ಒಳಗೆ ಚೌಡೇಶನ ಕೈಯಲ್ಲಿ ಕಬ್ಬಿಣದ ಪಂಜರ ಮಾಡಿಸಿದ್ದರು. ಭಾನುವಾರ ಡ್ರ್ಯಾಗ್ ರೇಸು; ನಾನೂರು ಮೀಟರ್ ನೆಟ್ಟಗಿನ ದಾರಿ, ಮೊದಲು ಮುಟ್ಟಿದವರು ಗೆದ್ದಂತೆ. ಇವತ್ತು ಅಂಬ್ಲಿಗೊಳ ನಾಲೆಯ ಏರಿಯ ಮೇಲೆ ಮೊದಲ ಓಟ. ಓಡಲು ನಾನೂರು ಮೀಟರು, ಬ್ರೇಕ್ ಹಿಡಿಯಲು ಇನ್ನೊಂದು ಮುನ್ನೂರು. ಅದರಾಚೆ ತಿರುವು, ತಿರುವಿನಾಚೆ ತುಂಬಿ ಹರಿಯುವ ನಾಲೆ.

ಗುರುಮಲ್ಲಪ್ಪನವರು ಮಾಡಬಾರದ ಕೆಲಸವೊಂದನ್ನು ಮಾಡಿ ಕೂತಿದ್ದರು. ನಿನ್ನೆ ಮಗಳು ಪೆಟ್ರೋಲ್ ತರಲು ಶಿಕಾರಿಪುರಕ್ಕೆ ಹೋದಾಗ, ಆಕ್ಸಿಲರೇಟರ್ ಪೆಡಲಿನ ಕೆಳಗೆ ಬೆರಳುದ್ದದ ಮರದ ತುಂಡೊಂದನ್ನು ತಂತಿಯಲ್ಲಿ ಕಟ್ಟಿದ್ದರು. ಅವರು ಮೂವತ್ತು ವರ್ಷ ಬಸ್ಸಿನ ಡ್ರೈವರಾಗಿದ್ದವರು. ಡೀಸೆಲ್ ಉಳಿಸಲು ಬಸ್ಸಿನ ಯಜಮಾನ ಹೀಗೇ ಕಟ್ಟಿಸುತ್ತಿದ್ದ. ಡ್ರೈವರ್ ಎಷ್ಟು ತುಳಿದರೂ ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಯಜಮಾನನಿಗೆ ದಿನಾ ಹಿಡಿಶಾಪ ಹಾಕಿದ ಮನುಷ್ಯ ಈಗ ಅವನ ಬುದ್ಧಿಯನ್ನೇ ಎರವಲು ತಂದಿದ್ದರು. ಗಾಡಿ ಜೋರಾಗಿ ಓಡದಿದ್ದರೆ ಹುಡುಗಿ ಬೇಸತ್ತು ರೇಸಿನ ಆಸೆ ಬಿಡುತ್ತಾಳೆ, ಜೀವ ಒಂದು ಉಳಿಯುತ್ತದೆ, ಇಷ್ಟೇ ಅವರ ಯೋಚನೆ. ತಂತಿ ಸಡಿಲವಾದರೆ ಆ ತುಂಡು ಉರುಳಿ ಪಕ್ಕದ ಬ್ರೇಕಿನ ಕೆಳಗೆ ಸೇರಿಕೊಳ್ಳುತ್ತದೆ ಎನ್ನುವುದು ಅಷ್ಟು ವರ್ಷ ಗಾಡಿ ಓಡಿಸಿದ ತಲೆಗೆ ನಿನ್ನೆ ಹೊಳೆಯಲಿಲ್ಲ. ಹೊಳೆದದ್ದು ಈಗ, ಕನ್ನಡಿ ಕಳಚಿದ ಮೇಲೆ.

"ಅಪ್ಪಾಜಿ, ಪಕ್ಕಕ್ಕೆ ಬನ್ನಿ!" ಬಿಂದು ಕೂಗಿದಳು.

"ತಡಿಯವ್ವ, ನಿಂಬೆಹಣ್ಣು ಸೊಟ್ಟ ಕುಂತೈತೆ."

ಬಗ್ಗಿ, ಚಕ್ರದ ಕೆಳಗೆ ಸರಿಯಾಗಿಯೇ ಇದ್ದ ನಿಂಬೆಹಣ್ಣನ್ನು ಸರಿಮಾಡಿದರು. ಹೆಂಡತಿ ಜಗದಾಂಬ ಬೆಳಿಗ್ಗೆ ಪೂಜೆ ಮಾಡಿ ಕೊಟ್ಟ ಹಣ್ಣುಗಳು. ಒಂದಾದ ಮೇಲೊಂದು ನಾಲ್ಕನ್ನೂ ಮುಟ್ಟಿ ಬಂದರು. ಐದನೆಯ ಚಕ್ರವಿದ್ದಿದ್ದರೆ ಅದಕ್ಕೂ ಹೋಗುತ್ತಿದ್ದರು. ಹೇಳಿಬಿಡಬೇಕು. ಆದರೆ ಯಾವ ಬಾಯಲ್ಲಿ ಹೇಳುವುದು? ಶೆಡ್ಡಿಗೆ ಬಂದವರಿಗೆಲ್ಲ ಮಗಳು, ನಮ್ಮ ಅಪ್ಪಾಜಿ ಇಲ್ಲದಿದ್ದರೆ ಈ ಗಾಡಿಯೇ ಇಲ್ಲ ಎಂದು ಹೇಳಿಕೊಂಡು ಹಿಗ್ಗಿದ್ದಳು.

"ಅಣ್ಣಾರೆ, ಈಚೆ ಬನ್ನಿ. ಬಿಸ್ಲು ಏರ್ತಾ ಅದೆ," ಎಂದು ಚೌಡೇಶ ಟವೆಲ್ ಮೇಲೆತ್ತಿದ. ಅದು ಕೆಳಗಿಳಿದರೆ ಗಾಡಿ ಹೊರಟಂತೆ. ಇಂಜಿನ್ ಅರಚತೊಡಗಿತು. ಗುರುಮಲ್ಲಪ್ಪನವರಿಗೆ ಮುಂದಾಗುವುದು ಕಣ್ಣಿಗೆ ಕಟ್ಟಿದಂತಾಯಿತು: ಮಗಳು ಬ್ರೇಕ್ ಒತ್ತುತ್ತಿದ್ದಾಳೆ, ಪೆಡಲ್ ಕೆಳಗಿಳಿಯುತ್ತಿಲ್ಲ, ಎದುರಿಗೆ ನೀರು. ಹೇಗೆ ಓಡಿದರೋ, ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಿದ್ದರು.

"ಆಫ್ ಮಾಡು ಬಿಂದೂ! ಆಫ್ ಮಾಡು! ಪೆಡಲ್ ಕೆಳಗೆ ತುಂಡು ಐತೆ. ನಾನೇ ಕಟ್ಟಿದ್ದು!"

ಇಂಜಿನ್ ನಿಂತಿತು. ಬಿಂದು ಬೆಲ್ಟು ಬಿಚ್ಚಿಕೊಂಡು ಬಗ್ಗಿ ಕೈ ಹಾಕಿದಳು. ತಂತಿಯ ಒಂದು ತುದಿ ಆಗಲೇ ಬಿಚ್ಚಿಕೊಂಡಿತ್ತು. ತುಂಡನ್ನು ಹೊರಗೆಳೆದು, ಕೆಳಗಿಳಿದು, ನಾಲೆಗೆ ಎಸೆದಳು.

"ಯಾಕೆ ಅಪ್ಪಾಜಿ?"

"ಹೆದ್ರಿಕೆ ಆತವ್ವ. ನಿಂಗೆ ಏನಾರ ಆದ್ರೆ ಅಂತ... ಬ್ಯಾಡ ಅಂದ್ರೆ ನೀ ಎಲ್ಲಿ ಕೇಳ್ತಿದ್ದಿ?"

ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬೇರೆ ಏನು ಮಾಡಿದೀರಿ?" ಎಂದಳು.

"ಏನೂ ಇಲ್ಲ. ನಿನ್ನಾಣೆಗೂ ಇಲ್ಲ."

ಬಿಂದು ಹೆಲ್ಮೆಟ್ ತೆಗೆದು ಏರಿಯ ಮೇಲಿಟ್ಟಳು. "ಚೌಡೇಶಣ್ಣ, ಜಾಕ್ ಹಾಕಿ. ವೀಲ್ ಬಿಚ್ಚೋಣ. ಬ್ರೇಕು, ಸ್ಟೇರಿಂಗು, ಎಲ್ಲಾ ಮೊದ್ಲಿಂದ ನೋಡ್ಬೇಕು."

"ಅಣ್ಣಾರು ಬೇರೆ ಏನೂ ಇಲ್ಲ ಅಂದ್ರಲ್ಲ," ಎಂದ ಚೌಡೇಶ ಮೆಲ್ಲಗೆ.

ಅವಳು ಮುಂದಿನ ಚಕ್ರದ ಬಳಿ ಮಂಡಿಯೂರಿ ಕೂತಳು. ಎಂಟು ತಿಂಗಳ ರೂಢಿ. ಅವಳು ಕೇಳುವ ಮೊದಲೇ ಗುರುಮಲ್ಲಪ್ಪ ವೀಲ್ ಸ್ಪ್ಯಾನರ್ ಎತ್ತಿ ಮಗಳ ಕಡೆ ಚಾಚಿದರು. ಬಿಂದು ತೆಗೆದುಕೊಂಡಳು. ಅದನ್ನೂ ಒಮ್ಮೆ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ನಟ್ಟಿಗೆ ಹಚ್ಚಿದಳು.