ಅಜ್ಜಿಗೆ ಕೊಟ್ಟ ನೀರು

ಓಮ ಹುರಿದ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಕಮತಗಿಯ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಅವ್ವ ಓಮ ಹುರಿಯುತ್ತಿದ್ದಳು. ಊಟ ಮುಗಿಸಿದ ಅಜ್ಜಿ ಗಂಟಲು ಸರಿಮಾಡಿಕೊಳ್ಳಲು ಹೋದಳು, ಆಗಲಿಲ್ಲ. ಕೆಮ್ಮಲು ನೋಡಿದಳು, ಬರೀ ಗಾಳಿ ಹೊರಬಂತು. ಬಾಯಿ ಒಂದು ಕಡೆಗೆ ಜಾರಿತ್ತು.

“ಬಾಯಿಗೆ ಏನೂ ಹಾಕಬ್ಯಾಡ, ಈಗ ಬಂದೆ,” ಎನ್ನುತ್ತ ಅವ್ವ ಪಕ್ಕದ ಮನೆಯ ಕಾಸೀಮ್ ಚಾಚಾನ ಆಟೋ ತರಲು ಓಡಿದಳು.

ಅಜ್ಜಿ ನೀರಿಗಾಗಿ ಕೈಸನ್ನೆ ಮಾಡಿದಳು. ನನಗಾಗ ಒಂಬತ್ತು ವರ್ಷ. ಅವಳ ಕಣ್ಣು ನೋಡಲಾಗದೆ ತಂಬಿಗೆಯನ್ನು ಬಾಯಿಗೆ ಹಿಡಿದೆ. ನೀರು ಮೂಗಿನಿಂದ ಬಂತು. ಅದನ್ನು ಕೆಮ್ಮಿ ಹೊರಹಾಕುವ ಶಕ್ತಿಯೂ ಅವಳಿಗಿರಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಗದರಿದರು. “ನೀರು ಎದಿಗೆ ಇಳದೈತಿ. ಯಾರು ಕುಡಿಸಿದ್ರಿ?”

ಅವ್ವ ನನ್ನ ಕಡೆ ನೋಡಲಿಲ್ಲ. “ನಾನ್ರಿ,” ಅಂದಳು.

ಎಂಟನೇ ದಿನ ಅಜ್ಜಿ ತೀರಿಕೊಂಡಳು. “ನೀರು ಕುಡಿಸಿ ನಮ್ಮವ್ವನ್ನ ಕಳದಿ,” ಎಂದು ಸೋದರತ್ತೆ ಬಂದಾಗಲೆಲ್ಲ ಅನ್ನುತ್ತಿದ್ದಳು. ಅವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ.