ಹೆಸರಿಲ್ಲದ ಅಳತೆ

ಪುಟದ ತಲೆಯಲ್ಲಿ ಹೆಸರಿರಲಿಲ್ಲ. ಅಳತೆಗಳಷ್ಟೇ ಇದ್ದವು.

ಗಂಡ ದಾರ ತರಲು ಹೋಗಿದ್ದ. ವಾಪಸು ಬರಲು ಹತ್ತು ನಿಮಿಷ. ಅವಳು ಕತ್ತರಿಸುವ ಮೇಜಿನ ಮುಂದೆ ನಿಂತು ಅಳತೆ ಪುಸ್ತಕದ ಆ ಪುಟವನ್ನು ಎರಡನೆಯ ಸಲ ಓದಿದಳು. ಮನೆಯ ಮುಂದಿನ ಕೋಣೆಯೇ ಟೈಲರ್ ಅಂಗಡಿ. ಹನ್ನೆರಡು ವರ್ಷ ಗುಂಡಿ, ಕೊಕ್ಕೆ ಹಾಕಿಕೊಟ್ಟವಳಿಗೆ ಗಂಡನ ಕೋಳಿಕಾಲಿನ ಬರಹ ಹೊಸದಲ್ಲ. ಶಾಲೆಯ ಟೀಚರ್, ಪೋಸ್ಟ್‌ಮ್ಯಾನ್ ಹೆಂಡತಿ, ಮೂಲೆಮನೆಯ ಅಜ್ಜಿ: ಎಲ್ಲರಿಗೂ ಹೆಸರಿತ್ತು. ಮೊದಲ ಪುಟ ಅವಳದೇ. ತೋಳಿನ ಸುತ್ತಳತೆ ಹನ್ನೆರಡು. ಮದುವೆಯಾದ ವಾರ ಬರೆದದ್ದು, ಮತ್ತೆ ತಿದ್ದಿರಲಿಲ್ಲ.

ಈ ಹೆಂಗಸು ತೆಳ್ಳಗಿನವಳು. ತೋಳಿನ ಸುತ್ತಳತೆ ಹತ್ತೂವರೆ. ಅದರ ಕೆಳಗೆ ಹತ್ತೂಕಾಲು. ಆಮೇಲೆ ಹತ್ತು. ಕೊನೆಗೆ ಒಂಬತ್ತೂಮುಕ್ಕಾಲು. ಒಬ್ಬಳನ್ನೇ ನಾಲ್ಕು ಸಲ ಅಳೆದಿದ್ದ. ಪ್ರತಿ ಸಲವೂ ಟೇಪು ಕಾಲಿಂಚು ಬಿಗಿಯಾಗಿತ್ತು.

ಗಿರಾಕಿಯನ್ನು ಯಾರೂ ಅಷ್ಟು ಬಿಗಿಯಾಗಿ ಅಳೆಯುವುದಿಲ್ಲ.

ಕತ್ತಿನ ಆಳ ಮೊದಲು ಏಳು ಇಂಚು, ಆಮೇಲೆ ನಾಲ್ಕು, ಈಗ ಕತ್ತಿನ ಬುಡದವರೆಗೂ ಮುಚ್ಚುವ ಬೋಟ್ ನೆಕ್. ಪಕ್ಕದಲ್ಲಿ 'ಪಫ್ ತೋಳು' ಎಂಬ ಗುರುತು. ಅವಳ ಕೈ ನಿಂತಿತು. ತನಗೆ ಈಚೆಗೆ ಹೊಲಿದುಕೊಟ್ಟ ಬ್ಲೌಸುಗಳಿಗೂ ಅವನು ಇದನ್ನೇ ಇಟ್ಟಿದ್ದ. "ಈ ವಯಸ್ಸಲ್ಲಿ ಪಫ್ ತೋಳಾ? ನಾನೇನು ಸ್ಕೂಲಿಗೆ ಹೋಗ್ಬೇಕಾ?" ಎಂದು ನಕ್ಕಿದ್ದಳು. "ಈಗ ಇದೇ ನಡೀತಿರೋದು. ತೋಳು ತುಂಬಿದ ಹಾಗೆ ಕಾಣುತ್ತೆ," ಎಂದಿದ್ದ.

ಇನ್ನೊಬ್ಬಳಿಗಾಗಿ ಹುಡುಕಿದ ಫ್ಯಾಷನ್ನು. ಮಿಕ್ಕದ್ದು ಹೆಂಡತಿಗೆ.

ಬಾಗಿಲಲ್ಲಿ ನೆರಳು ಬಿತ್ತು. ಪುಸ್ತಕ ಮುಚ್ಚಿದಳು. ಬಂದದ್ದು ಇಸ್ತ್ರಿಯವಳು, ಕೈಯಲ್ಲಿ ಬಟ್ಟೆಯ ಗಂಟು.

"ಅಕ್ಕಾ, ನಿಮ್ಮ ಯಜಮಾನರಿಗೆ ಸ್ವಲ್ಪ ಹೇಳಿ. ನಿಮ್ಮ ಬ್ಲೌಸಲ್ಲಿ ಒಳಗೆ ಅದೆಷ್ಟು ಬಟ್ಟೆ ಬಿಟ್ಟಿದ್ದಾರೆ! ಇಸ್ತ್ರಿಪೆಟ್ಟಿಗೆ ಗುಡ್ಡ ಹತ್ತಿ ಇಳಿಯುತ್ತೆ."

"ನಾನು ದಪ್ಪ ಆಗ್ಲಿ ಅಂತ ಕಾಯ್ತಿರಬೇಕು."

"ಹುಷಾರು ಅಕ್ಕಾ. ಟೈಲರ್ ಗಂಡ ಅಂದ್ರೆ ಊರ ಹೆಂಗಸರ ಸುತ್ತಳತೆಯೆಲ್ಲ ಬಾಯಿಪಾಠ!"

ಇಸ್ತ್ರಿಯವಳು ನಗುತ್ತ ಹೋದಳು. ಇವಳಿಗೆ ನಗು ಬರಲಿಲ್ಲ. ಕೋಣೆಗೆ ಹೋಗಿ ಗಂಟಿನಿಂದ ಒಂದು ಬ್ಲೌಸ್ ತೆಗೆದು ತೊಟ್ಟುಕೊಂಡಳು. ತೋಳಿನಲ್ಲಿ, ಕತ್ತಿನಲ್ಲಿ, ಎಲ್ಲೂ ಒಂದು ಸುಕ್ಕಿಲ್ಲ. ಯಾವತ್ತೂ ಹೇಗೆ ಕೂರುತ್ತಿತ್ತೋ ಹಾಗೇ ಕೂತಿತು. ದಪ್ಪಗಾಗಿಲ್ಲ. ಮತ್ತೇಕೆ ಇನ್ನೊಬ್ಬಳು?

ಆಗ ಟೇಪಿನ ನೆನಪಾಯಿತು. ಹೋದ ವಾರ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಅದು ಮಂಚದ ಮೇಲೆ ಬಿದ್ದಿತ್ತು. "ಮರೆತುಬಿಟ್ಟೆ," ಎಂದು ಎತ್ತಿಕೊಂಡಿದ್ದ. ಅಂಗಡಿಯ ಟೇಪು ಮಂಚಕ್ಕೆ ಹೇಗೆ ಬಂತೆಂದು ಅವಳು ಕೇಳಿರಲಿಲ್ಲ.

ಎರಡರಿಂದ ನಾಲ್ಕರವರೆಗೆ ಅವಳು ಸತ್ತಂತೆ ಮಲಗುತ್ತಿದ್ದಳು. ಮಾತ್ರೆಯ ಮಂಪರು. ಹೊಟ್ಟೆಯಲ್ಲಿ ಹುಣ್ಣು ಅಂತೆ. ಹಾಗೆಂದದ್ದು ಡಾಕ್ಟರಲ್ಲ, ಗಂಡ. ಡಾಕ್ಟರು ಅವನನ್ನೊಬ್ಬನನ್ನೇ ಒಳಗೆ ಕರೆದಿದ್ದರು. ಅಂದಿನಿಂದ ಮಾತ್ರೆ ಅವನ ಕೈಯಿಂದಲೇ. ನುಂಗುವವರೆಗೂ ಎದುರಿಗೆ ನಿಂತಿರುತ್ತಿದ್ದ.

ಯಾಕೆ ನಿಂತಿರುತ್ತಿದ್ದನೆಂದು ಈಗ ತಿಳಿಯಿತು.

ಚೀಲಕ್ಕೆ ನಾಲ್ಕು ಬಟ್ಟೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಸಂಜೆ ಐದಕ್ಕೆ ಅಕ್ಕನ ಊರಿಗೆ ಬಸ್ಸು. ಕಣ್ಣಾರೆ ನೋಡಿಯೇ ಹೊರಡಬೇಕು.

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ರೀ, ಪುಸ್ತಕದಲ್ಲಿ ಹೆಸರಿಲ್ಲದ ಪುಟ ಒಂದಿದೆಯಲ್ಲ, ಯಾರದು?"

ಅವನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. "ಹಳೇ ಗಿರಾಕಿ."

"ಹೆಸರು ಬರೆಯೋಕೆ ಏನು ಧಾಡಿ?"

"ಕೈ ಬರಲಿಲ್ಲ." ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನೀನು ಊಟ ಮಾಡು. ಎರಡು ತುತ್ತೂ ಇಳಿದಿಲ್ಲ."

"ಮಾತು ತಿರುಗಿಸಬೇಡಿ."

ಅವನು ಎದ್ದು ಕೈ ತೊಳೆದ. ಮಾತ್ರೆ, ನೀರಿನ ಲೋಟ ಹಿಡಿದು ಬಂದು ನಿಂತ. ಅವಳು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ನೀರು ಕುಡಿದಳು. ಅವನು ಅತ್ತ ತಿರುಗಿದ ಕೂಡಲೇ ಸೆರಗಿನ ತುದಿಗೆ ಉಗಿದು ಮಲಗಿದಳು.

ಎರಡು ಗಂಟೆ. ಅಂಗಡಿಯ ಬಾಗಿಲು ಹಾಕಿದ ಸದ್ದು. ಪರದೆ ಎಳೆದ ಸದ್ದು. ಅವಳು ಕಣ್ಣು ಮುಚ್ಚಿ, ನಿದ್ದೆಯವರಂತೆ ಉಸಿರಾಡುತ್ತ, ಹೆಣ್ಣಿನ ಹೆಜ್ಜೆಗಾಗಿ ಕಿವಿಗೊಟ್ಟಳು.

ಬಂದದ್ದು ಒಂದೇ ಜೊತೆ ಹೆಜ್ಜೆ. ಅವನದೇ.

ಕಪಾಟಿನ ಬಾಗಿಲು ಕಿರುಗುಟ್ಟಿತು. ಮೇಲಿನ ಅರೆಯಲ್ಲ, ನಡುವಿನದು. ಅವಳ ಬ್ಲೌಸುಗಳಿದ್ದ ಅರೆ. ಆಮೇಲೆ ಬ್ಲೇಡಿನ ಸಣ್ಣ ಟಿಕ್ ಟಿಕ್. ಹೊಲಿಗೆ ಬಿಚ್ಚುವ ಸದ್ದು.

ನನ್ನ ಬಟ್ಟೆಯನ್ನೇ ಬಿಚ್ಚಿ ಅವಳ ಅಳತೆಗೆ ಹೊಲಿಯುತ್ತಿದ್ದಾನೆ!

ಹತ್ತು ಎಣಿಸುವುದು, ಎದ್ದು ಕೂರುವುದು, ಚೀಲ ಎಳೆಯುವುದು. ಒಂದು. ಎರಡು. ಬ್ಲೇಡು ನಿಂತಿತು. ಐದು. ಆರು. ಏಳಕ್ಕೆ ಹಾಸಿಗೆ ಅವಳ ಪಕ್ಕದಲ್ಲೇ ತಗ್ಗಿತು.

ತಣ್ಣನೆಯ ಟೇಪು ಅವಳ ತೋಳನ್ನು ಒಂದು ಸುತ್ತು ಸುತ್ತಿತು. ಬಿಗಿಯಾಗಿರಲಿಲ್ಲ. ಗಾಯ ಮುಟ್ಟುವ ಹಾಗಿತ್ತು.

"ಒಂಬತ್ತೂವರೆ," ಎಂದು ಪಿಸುಗುಟ್ಟಿದ ಗಂಡನ ದನಿ ಒಡೆದಿತ್ತು.